ದ್ರಾಕ್ಷಾಪಾಕ

ಒಂಬತ್ತನೇ ತರಗತಿಗೆ ಕಾವ್ಯಪಾಕ ಹೇಳುತ್ತಿದ್ದೆ:
ತೆಂಗಿನಕಾಯಿಯಾದರೆ ಒಡೆಯಬೇಕು,
ಬಾಳೆಯಾದರೆ ಸುಲಿಯಬೇಕು,
ದ್ರಾಕ್ಷಿಗೆ ಅದೇನೂ ಬೇಡ,
ಬಾಯಿಗಿಟ್ಟರೆ ಸಾಕು, ರಸ.
ಹಿಂದಿನ ಬೆಂಚಿನ ಮುಬೀನಾ ಎದ್ದು ನಿಂತಳು:
"ಮಿಸ್, ಬೀಜ?"

ತರಗತಿ ನಕ್ಕಿತು. ನಾನು ನಗಲಿಲ್ಲ.
ಹಾಸನದ ಈ ಶಾಲೆಯ ಕಿಟಕಿಗೆ
ಹಣ್ಣಿನ ಗಾಡಿಯೊಂದು ಕಾಣುತ್ತದೆ,
ಬಿಜಾಪುರದ ದ್ರಾಕ್ಷಿ, ಬೀಜವಿಲ್ಲದ್ದು,
ಕಾಲು ಕೇಜಿ ಮೂವತ್ತು.
ನನ್ನ ತಾತ ಇನಾಸಪ್ಪನ ಬಳ್ಳಿಯ ಹಣ್ಣು
ಕರೀದು, ಸಣ್ಣದು, ಬೀಜವೇ ಮುಕ್ಕಾಲು.
ತಿಂದವರು ಮುಖ ಕಿವುಚುತ್ತಿದ್ದರು.
ಅದು ತಿನ್ನುವ ಹಣ್ಣಲ್ಲ.

ಹೇಮಾವತಿಯ ದಡದ ಹಳೇ ಊರಿಗೆ
ಫ್ರಾನ್ಸಿನ ಸ್ವಾಮಿಯೊಬ್ಬರು
ಒದ್ದೆ ಗೋಣಿ ಸುತ್ತಿ ಹಡಗಿನಲ್ಲಿ ತಂದ ಗೇಣುದ್ದ ಕಡ್ಡಿ
ಪಾದ್ರಿಮನೆಯ ಹಿತ್ತಿಲಲ್ಲಿ ಚಪ್ಪರ ಹತ್ತಿತ್ತಂತೆ.
ಸ್ವಾಮಿ ಚಳಿಜ್ವರದಲ್ಲಿ ಹೋದರು.
ಬಳ್ಳಿ ಕನ್ನಡ ಕಲಿಯಿತು.
ಯಾವಾಗ ಸವರಬೇಕು, ಯಾವಾಗ ಸುಮ್ಮನಿರಬೇಕು
ತಾತನ ಅಪ್ಪನಿಗೆ, ಆಮೇಲೆ ತಾತನಿಗೆ
ಅದೇ ಹೇಳಿಕೊಟ್ಟಿತು.

ತಪಸ್ಸುಕಾಲಕ್ಕೆ ಗೊಂಚಲು ಕಪ್ಪಾಗುತ್ತಿತ್ತು.
ಕಾಲು ತೊಳೆದು, ಜಪ ಹೇಳಿ, ತೊಟ್ಟಿಗಿಳಿದು
ಕುಂಬಾರ ಮಣ್ಣು ತುಳಿದ ಹಾಗೆ, ಅಷ್ಟೇ ನಿಧಾನ.
ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ಕಿವಿಯಿಡುವನು:
"ಬಸುರಿ ಹೊಟ್ಟೆ ಕಣವ್ವ, ಗಲಾಟೆ ಮಾಡಬಾರ್ದು."
ನಾಟಿವೈದ್ಯ ಶಿವರುದ್ರಯ್ಯನವರು ಕತ್ತಲಾದ ಮೇಲೆ ಬಂದು
ಬಾಣಂತಿಯರ ಆಸವಕ್ಕೆಂದು ಒಂದು ಚೆಂಬು ಒಯ್ಯುತ್ತಿದ್ದರು.
"ಆಸವ ಅಂದರೆ ಔಷಧಿ, ಇನಾಸಪ್ಪ. ಸುರೆ ಅಂದರೆ ಪಾಪ.
ಸಮುದ್ರ ಕಡೆದಾಗ ಸುರೆ, ಸುಧೆ
ಎರಡೂ ಬಂದದ್ದು ಒಂದೇ ಕಡಗೋಲಿಗೆ."

ತಾತ ರುಚಿ ನೋಡಲಿಲ್ಲ. ಒಮ್ಮೆಯೂ.
ಆ ಕಾಲದಲ್ಲಿ ಬಟ್ಟಲು ಸ್ವಾಮಿಯ ತುಟಿಗೆ ಮಾತ್ರ.
ಜನಕ್ಕೆ ರೊಟ್ಟಿ: ಬೆಳ್ಳಗೆ, ತೆಳ್ಳಗೆ, ಅಂಗಳಕ್ಕೆ ಅಂಟುವುದು.
ನಮಗೆ ಬೆನ್ನು ಮಾಡಿ, ಲತೀನಿನಲ್ಲಿ ಏನೋ ಗುನುಗಿ
ಸ್ವಾಮಿ ಬಟ್ಟಲೆತ್ತಿದಾಗ, ಗಂಟೆ ಬಾರಿಸಿದಾಗ,
ತಾತ ಮಂಡಿಯೂರಿ ಲೆಕ್ಕ ಹಾಕುತ್ತಿದ್ದನಂತೆ,
ಇದು ಹೋದ ವರ್ಷದ್ದೋ, ಅದರಾಚೆಯದ್ದೋ.
ಭರಣಿಯಿಂದ ಒಂದು ಗುಟುಕು ಕದಿಯಬಹುದಿತ್ತಲ್ಲ ತಾತ?
"ದೇವರಾಗೋಕೆ ಮುಂಚೆ ಕುಡಿದ್ರೆ ಬರೀ ಹೆಂಡ.
ಆದ ಮೇಲೆ ನಮ್ದಲ್ಲ."

ಡ್ಯಾಮು ಬಂತು.
ಇಂಜಿನಿಯರು ಗೋಡೆಗಳ ಮೇಲೆ ಕೆಂಪು ಗೆರೆ ಎಳೆದ.
ಮನೆಗೆ ಪರಿಹಾರ, ತೆಂಗಿಗೆ ಪರಿಹಾರ, ಹುಣಸೆಗೂ ಪರಿಹಾರ;
ದ್ರಾಕ್ಷಿಯ ಕಾಲಂ ಫಾರಂನಲ್ಲಿರಲಿಲ್ಲ.
"ಇತರೆ" ಎಂದು ಬರೆದುಕೊಂಡರು.

ಪ್ರಳಯ ಇಳಿದ ಮೇಲೆ, ನಾವೆಯಿಂದಿಳಿದ ಮುದುಕ
ಮೊದಲು ನೆಟ್ಟದ್ದು ದ್ರಾಕ್ಷಿಯಂತೆ,
ಕುಡಿದು ಡೇರೆಯಲ್ಲಿ ಬತ್ತಲೆ ಬಿದ್ದಿದ್ದನಂತೆ.
ಜ್ಞಾನೋಪದೇಶದ ತರಗತಿಯಲ್ಲಿ ನಮಗೆ ಹೊಟ್ಟೆ ಹುಣ್ಣಾಗುವ ನಗು.
ತಾತ ನಗುತ್ತಿರಲಿಲ್ಲ.
"ಅವನ ನೀರು ಇಳೀತಲ್ಲ," ಅನ್ನುವನು.
ನಮ್ಮದು ಬೇಸಿಗೆಗೆ ಇಳಿಯುತ್ತದೆ,
ಹಳೇ ಗೋಡೆ ತೋರಿಸುತ್ತದೆ,
ಮತ್ತೆ ಏರುತ್ತದೆ.

ಹೊಸ ಊರಿನ ಮೂವತ್ತು ನಲವತ್ತರ ಸೈಟಿನಲ್ಲಿ ಕಡ್ಡಿ ಊರಿದ.
ಎಲೆ ಬಂತು, ಚಪ್ಪರದ ತುಂಬ, ಕೋಳಿಗಳಿಗೆ ನೆರಳು.
ಹಣ್ಣು ಬರಲಿಲ್ಲ.
ಎಟುಕದ ದ್ರಾಕ್ಷಿ ಹುಳಿ ಎಂದ ನರಿಗೆ
ದ್ರಾಕ್ಷಿಯಾದರೂ ಇತ್ತು.

ಎಂಬತ್ತೊಂದು ತುಂಬಿದ ವರ್ಷ, ಪವಿತ್ರ ಗುರುವಾರ.
ಮಂಗಳೂರಿನ ಹುಡುಗ ಸ್ವಾಮಿ, ಎಲ್ಲ ಕನ್ನಡದಲ್ಲೇ,
ಬಟ್ಟಲು ಹಿಡಿದು ಮೆಟ್ಟಿಲಿಳಿದು ಬಂದರು:
"ಈಗ ಎಲ್ಲರಿಗೂ ಉಂಟು ಅಜ್ಜ, ತೆಗೊಳ್ಳಿ."
ತಾತನ ಕೈ ನಡುಗಿತು. ಒಂದು ಗುಟುಕು.
ಚಪ್ಪಲಿಯಿಲ್ಲದ ಅಂಗಾಲು ನೆಲವನ್ನು
ಒಮ್ಮೆ ಒತ್ತಿದ್ದು ನಾನು ಕಂಡೆ.
ಇಡೀ ಚರ್ಚು ಒಂದು ಆಮೆನ್‌ಗೆ ಕಾಯುತ್ತಿತ್ತು.
"ಸಕ್ಕರೆ ಹಾಕವ್ರೆ," ಅಂದ.

ಮುಬೀನಾ ಇನ್ನೂ ನಿಂತಿದ್ದಳು.
ಬೀಜದ ಬಗ್ಗೆ ಲಕ್ಷಣಕಾರರು ಏನೂ ಹೇಳಿಲ್ಲ, ಎಂದೆ.
ಅದನ್ನೂ ಬರೆದುಕೊಂಡಳು.