ಹತ್ತು ಕಿಲೋಗಿಂತ ಕಡಿಮೆ

ನೂರಡಿ ರಸ್ತೆಯ ಮಹಡಿ ಅಂಗಡಿಯಲ್ಲಿ
ಮುನಾವರ್ ಗಾಜಿನ ಮೇಲೆ ಎರಡು ಡಬ್ಬಿ ಇಟ್ಟ.
ಒಂದು ಆರು ಸಾವಿರದ ಎಂಟುನೂರ ಐವತ್ತು,
ಇನ್ನೊಂದು ಆರು ಸಾವಿರದ ಒಂಬೈನೂರ ತೊಂಬತ್ತು.
'ಯಾವ್ದಾದ್ರೂ ತಕ್ಕೊಳಿ ಅಕ್ಕ, ಎರಡೂ ಒಂದೇಯ' ಅಂದು
ಟೀ ತರಲು ಹೋದ.

ಎರಡೂ ಒಂದೇ ಆಗಿದ್ದರೆ
ಎರಡು ಯಾಕೆ ಮಾಡಿದರೋ.

ನಾನು ಗುತ್ತಲು ರಸ್ತೆಯ ವೇಬ್ರಿಡ್ಜಿನವಳು.
ಹದಿಮೂರು ವರ್ಷದಿಂದ ಕಿಟಕಿಯ ಹಿಂದೆ ಕೂತು
ಕಬ್ಬಿನ ಟ್ರ್ಯಾಕ್ಟರು, ಬೆಲ್ಲದ ಲಾರಿ, ಹುಲ್ಲಿನ ಗಾಡಿ,
ತುಂಬಿದ್ದರಲ್ಲಿ ಖಾಲಿಯನ್ನು ಕಳೆದು
ಚೀಟಿ ಹರಿದು ಕೊಟ್ಟವಳು.
ಹತ್ತು ಕಿಲೋಗಿಂತ ಕಡಿಮೆಯದ್ದು ನಮ್ಮ ಯಂತ್ರದ ಕಣ್ಣಿಗೆ ಬೀಳದು.
ಹಾಸಿನ ಮೇಲೆ ಕೋಳಿ ನಿಂತರೆ ಕೋಳಿ ಇಲ್ಲ.
ಡ್ರೈವರ್ ಇಳಿಯದೆ ಕೂತರೆ ಡ್ರೈವರ್ ಇದ್ದಾನೆ,
ಅದಕ್ಕೇ ಜಗಳ.

ನೂರ ನಲವತ್ತು ರೂಪಾಯಿ:
ಒಂದು ಕೋಳಿಯಷ್ಟು ವ್ಯತ್ಯಾಸ.

ಶುಕ್ರವಾರ ಹಳೆಯದು ಸತ್ತಿತು.
ಬಿಚ್ಚಿ ನೋಡಿದರೆ ಮದರ್‌ಬೋರ್ಡಿನ ಮೇಲೆ ಮೂರು ಕೆಪಾಸಿಟರು
ಹೊಟ್ಟೆ ಉಬ್ಬಿಸಿಕೊಂಡಿದ್ದವು, ಒಂದರ ನೆತ್ತಿಯಲ್ಲಿ ಕಂದು ಅಂಟು.
ಅಂದಿನಿಂದ ಕೈಬರಹದ ಚೀಟಿ, ಕಾರ್ಬನ್ ಹಾಳೆ.
ಹೊನ್ನಲಗೆರೆಯ ಜವರಯ್ಯ ಚೀಟಿಯನ್ನು ಬಿಸಿಲಿಗೆ ಹಿಡಿದು
'ಇದು ಒಂದೋ ಏಳೋ ತಾಯಿ?' ಅಂದ.
ಇಷ್ಟು ವರ್ಷ ಅವನು ನಂಬಿದ್ದು ನನ್ನನ್ನಲ್ಲ
ಅಂತ ಆಗ ಗೊತ್ತಾಯಿತು.

ಮೊದಲ ಡಬ್ಬಿಯೊಳಗೆ ಬೆಳ್ಳಿಯ ಬಣ್ಣದ ಲೋಹ,
ಮೆಮೊರಿಗೆ ನಾಲ್ಕು ಸ್ಲಾಟು,
ದೀಪವೂ ಹತ್ತುತ್ತದಂತೆ, ಬಣ್ಣ ಬದಲಾಗುತ್ತದಂತೆ.
ಮೊದಲ ದೀಪಾವಳಿಗೆ ಬಂದ ಅಳಿಯನ ಹಾಗೆ
ಯಾರಾದರೂ ನೋಡಲಿ ಎಂದು ಕೂತಿತ್ತು.
ಎರಡನೆಯದು ಚಿಕ್ಕದು. ಕಪ್ಪು. ಎರಡೇ ಸ್ಲಾಟು.
ಅಂಚಿನಲ್ಲಿ, ಕನ್ನಡಕ ಹಣೆಗೇರಿಸಿ ಬಗ್ಗಿದರೆ ಮಾತ್ರ ಕಾಣುವಂತೆ,
ಒಂಬತ್ತು ಸೂಜಿ,
ಒಂದು ಹಲ್ಲು ಮುರಿದ ಬಾಚಣಿಗೆ.
ತೂಕದ ಯಂತ್ರದ ಹಳೆಯ ಕೇಬಲ್ಲು ಬಂದು ಸೇರುವ ಜಾಗ.
ಮತ್ತೆ ಇದಕ್ಕೇ ಜಾಸ್ತಿ ದುಡ್ಡು.

ಟೀ ಬಂತು. 'ಅದಕ್ಕೊಂದು ಕನ್ವರ್ಟರ್ ಸಿಕ್ತದೆ ಅಕ್ಕ,
ಯುಎಸ್‌ಬಿಗೆ ಚುಚ್ಚಿದ್ರೆ ಮುಗೀತು, ಇನ್ನೂರೈವತ್ತು.'

ಮುಗಿಯುವುದಿಲ್ಲ, ಮುನಾವರ್.
ರೈಲ್ವೆ ಗೇಟಿನಾಚೆಯ ದ್ಯಾವಣ್ಣ ಹಾಕಿಸಿದ್ದ.
ಕರೆಂಟು ಹೋಗಿ ಬಂದಾಗಲೆಲ್ಲ ಮೂರನೇ ಪೋರ್ಟು ಐದಾಗುವುದು,
ಐದು ಏಳಾಗುವುದು,
ಹಾಸಿನ ಮೇಲೆ ಹದಿನೆಂಟು ಟನ್ ಕಬ್ಬು,
ಪರದೆಯ ಮೇಲೆ ಸೊನ್ನೆ.

ಆದರೂ ಕೈ ಮುಂದೆ ಹೋಗಲಿಲ್ಲ.
ಇನ್ನೆರಡು ವರ್ಷಕ್ಕೆ ಸಾಹುಕಾರರು ಯಂತ್ರವನ್ನೇ ಬದಲಿಸಿದರೆ
ಆಗ ಈ ಬಾಚಣಿಗೆ ಯಾವ ಕೂದಲಿಗೆ?
ಬಲಗೈಯಲ್ಲೊಂದು, ಎಡಗೈಯಲ್ಲೊಂದು ಡಬ್ಬಿ ಹಿಡಿದು
ಸೊಪ್ಪಿನವಳಂತೆ ತೂಗಿದೆ.
ಅಳಿಯನೇ ಭಾರ.
ಟೀ ಆರಿತು. ಕಪ್ಪು ಬೋರ್ಡಿಗೆ ಬಿಲ್ಲು ಹಾಕಿಸಿದೆ.

ಗೆದ್ದೆ ಅನ್ನಬೇಡಿ. ರಾತ್ರಿ ಜೋಡಿಸಿದರೆ
ಹಳೇ ಕೇಬಲ್ಲಿನ ತಂತಿಗಳ ಸರದಿ ಬೇರೆ, ಹೊಸ ಸೂಜಿಗಳ ಸರದಿ ಬೇರೆ.
ಒಂಬತ್ತೂ ಸರಿಯಾಗಿ ಕೂತವು,
ಒಂದೂ ಮಾತಾಡಲಿಲ್ಲ.
ಚೆಲುವರಾಜ ಬೆಳಗಿನ ಜಾವದವರೆಗೆ
ಒಂದೊಂದೇ ತಂತಿ ಕಿತ್ತು ಬೆಸುಗೆ ಹಾಕಿದ,
ತನಗೆ ಗೊತ್ತಿರುವ ಬೈಗುಳವನ್ನೆಲ್ಲ ಕಂಪನಿಗೆ ಒಪ್ಪಿಸಿದ.

ಮೊದಲ ಗಾಡಿ ಬರುವ ಮುಂಚೆ
ಪರೀಕ್ಷೆಗೆಂದು ನಾನೇ ಹಾಸಿನ ಮೇಲೆ ಹೋಗಿ ನಿಂತೆ,
ಕಂಕುಳಲ್ಲಿ ಸತ್ತ ಬೋರ್ಡು.
'ಅರವತ್ತು!' ಕಿಟಕಿಯಿಂದ ಚೆಲುವರಾಜ.
ಬೋರ್ಡನ್ನು ಆಚೆ ಮಣ್ಣಿನ ಮೇಲಿಟ್ಟು ಬಂದು ಮತ್ತೆ ನಿಂತೆ.
'ಅರವತ್ತು!'

ನಾನು ಐವತ್ತೇಳು ಎಂದು ಯಾರಿಗೂ ಹೇಳಲಿಲ್ಲ.
ಜವರಯ್ಯನ ಟ್ರ್ಯಾಕ್ಟರು ತಿರುವಿನಲ್ಲಿ ಹಾರನ್ ಹೊಡೆಯಿತು,
ಇಳಿದೆ.