ಕಾರಣಿಕ

ಸುಪೆಯಾಚೆ ಡಾಂಬರು ಮುಗಿದಲ್ಲಿಂದ
ಮುನ್ನೂರು ಹೆಜ್ಜೆ. ನಿಲ್ಲು. ಐದು ನಿಮಿಷ ಕಿವಿಗೊಡು. ಬರೆ.
ಮತ್ತೆ ಮುನ್ನೂರು.
ಕಂಪನಿಗೆ ಬೇಕಾದದ್ದು ಒಂದೇ ಮಾತು:
ಈ ಗೋಮಾಳಕ್ಕೆ ಸೌರಫಲಕ ಹಾಸಿ,
ಕಂಬ ನೆಟ್ಟು ತಂತಿ ಎಳೆದರೆ
ಇಪ್ಪತ್ತು ವರ್ಷಕ್ಕೆ ನೆಲಗುಬ್ಬಿ ಎಷ್ಟು ಉಳಿದಾವು?

ಮೂರು ಆಷಾಢ ಎಣಿಸಿದ್ದೇನೆ.
ನೂರ ಹದಿನಾರು.
ತೊಂಬತ್ತು ಚಿಲ್ಲರೆ (ಚಿಲ್ಲರೆ ಎನ್ನುವಂತಿಲ್ಲ, ತೊಂಬತ್ತೇಳು).
ಈ ಸಲ ಎಪ್ಪತ್ತೊಂದು.
ಇನ್ನೂ ಒಂದು ಕಂಬವೂ ಬಂದಿಲ್ಲ, ನೋಡಿ.
ತಾನಾಗಿ ಬೀಳುತ್ತಿರುವುದನ್ನು ತಳ್ಳಿದರೆ
ತಳ್ಳಿದವನ ಪಾಲು ಎಷ್ಟು?

ಧನಗರರ ಧುಳಾಬಾ ಪಕ್ಕ ಬಂದು ಕೂತ.
ಅವನಿಗೆ ನನ್ನ ಮರಾಠಿ ಅಷ್ಟಕ್ಕಷ್ಟೇ, ನನಗೆ ಅವನ ಬೀಡಿ.
ಗಂಟುಮೂಟೆ ಹೊರುವ ಕುದುರೆಯ ಗೊರಸು ಒತ್ತಿದ ಕುಳಿ,
ಅದರೊಳಗೆ ನಾಲ್ಕು ಎಳೆ ಹುಲ್ಲು, ಎರಡು ಮೊಟ್ಟೆ.
ಕೋಲಿನ ತುದಿಯಿಂದ ತೋರಿಸಿದ, ಮುಟ್ಟದೆ.
"ಫಲಕದಡಿ ನಮ್ಮನ್ನ ಬಿಡ್ತಾರಾ?"
ಬೇಲಿ ಬರುತ್ತೆ, ಎಂದೆ.
"ಮತ್ತೆ ಗೊರಸು?"

ನನ್ನ ಲೆಕ್ಕದಲ್ಲಿ ಗೊರಸು ಇರಲಿಲ್ಲ.
ರಾತ್ರಿ ಕೋಥರೂಡಿನ ಕೋಣೆಯಲ್ಲಿ ಸೇರಿಸಿದೆ.
ಗೆರೆ ಇನ್ನಷ್ಟು ಬಾಗಿತು. ಅಷ್ಟರಲ್ಲೇ
ಕರೆಂಟು ಹೋಯಿತು;
ಇವರ ಮನೆ ಹಾಳಾಗ, ಅಂದದ್ದು ನಾನೇ,
ಕತ್ತಲಲ್ಲಿ, ಗಟ್ಟಿಯಾಗಿ.

ಕಲ್ಲಿದ್ದಲ ಹೊಗೆಗಿಂತ ಬಿಸಿಲು ಮೇಲಲ್ಲವೇ ಮೇಡಂ,
ಎನ್ನುತ್ತಾರೆ ಶಿರ್ಕೆ ಸಾಹೇಬರು.
ಮೇಲೇ. ಅಲ್ಲವೆಂದವರಾರು?

ಸಂಜೆ, ದೂರದಲ್ಲಿ ಜೇಜುರಿಯ ಗುಡ್ಡ.
ಅವರ ಖಂಡೋಬಾ, ನಮ್ಮ ಮೈಲಾರ.
ಸೋದರಮಾವನ ಹೆಗಲೇರಿ ಕಂಡಿದ್ದೆ ಒಮ್ಮೆ:
ಬಿಲ್ಲೇರಿದ ಗೊರವಯ್ಯ, ಸದ್ದಲೇ! ಎಂದ.
ಅಷ್ಟು ಜನರ ಉಸಿರೂ ನಿಂತಿತು.
ಒಂದು ನುಡಿ ನುಡಿದು
ಕೆಳಗೆ ಬಿದ್ದ, ಕೈಗಳ ಮೇಲೆ.
ಆಮೇಲೆ ವರ್ಷವಿಡೀ ಅರ್ಥ ಹೇಳಿದರು,
ಹತ್ತಿಯ ವ್ಯಾಪಾರಿ ಹತ್ತಿಯದು, ಪುಢಾರಿ ಕುರ್ಚಿಯದು.

ನನ್ನ ವರದಿ ನಲವತ್ತಮೂರು ಪುಟ, ನುಡಿ ಒಂದೇ:
ಬಹುಶಃ ಹನ್ನೊಂದು;
ಕನಿಷ್ಠ ಸೊನ್ನೆ, ಗರಿಷ್ಠ ಮೂವತ್ತೆಂಟು.
ಶಿರ್ಕೆಯವರು ಮೂವತ್ತೆಂಟರ ಕೆಳಗೆ
ಹಸಿರು ಗೆರೆ ಎಳೆದರು.

ಇವತ್ತು ಕೊನೆಯ ಬೆಳಗು.
ಸರ್ವೆಯವರು ನೆಟ್ಟ ಗೂಟಕ್ಕೆ ಕೆಂಪು ಬಟ್ಟೆ.
ಅದರ ನೆತ್ತಿಗೆ ನೇರವಾಗಿ ಏರುತ್ತಿದೆ
ಒಂದು ಹಿಡಿ ಬೂದಿಬಣ್ಣ, ಹೊಟ್ಟೆಯಷ್ಟು ಕಪ್ಪು,
ನಾಳೆ ತಂತಿ ಇರುವ ಎತ್ತರಕ್ಕೆ.

ಎಪ್ಪತ್ತೆರಡೋ,
ಎಪ್ಪತ್ತೊಂದರಲ್ಲೇ ಒಂದೋ?
ಎಣಿಸಿದ್ದನ್ನು ಮತ್ತೆ ಎಣಿಸಬಾರದು, ನಿಯಮ.
ಪೆನ್ನಿನ ಮುಚ್ಚಳ ಹಲ್ಲಲ್ಲಿದೆ.

ಗಪ್, ಎಂದ ಧುಳಾಬಾ,
ಕುರಿಗಳಿಗೋ, ನನಗೋ.