ಚಿನ್ನ ತೊಟ್ಟ ಕೋಳಿಗಳು

ಬೋಗೋರಿನಲ್ಲಿ ಮಧ್ಯಾಹ್ನ ಮೂರಕ್ಕೆ ಗುಡುಗು ಬರುತ್ತದೆ,
ನಮಗೆ ಕೇಳಿಸುವುದಿಲ್ಲ.
ಮೂರು ಬಾಗಿಲು ದಾಟಿದ ಮೇಲೆ ಗಾಳಿಯ ಗೊರಕೆ ಒಂದೇ,
ಹೊರಗಿನದನ್ನು ಒಳಗೆಳೆದುಕೊಳ್ಳುವ,
ಒಳಗಿನದನ್ನು ಬಿಟ್ಟುಕೊಡದ ಗಾಳಿ.

ಇಪ್ಪತ್ತನಾಲ್ಕು ಬಿಳಿ ಕೋಳಿ, ರೆಕ್ಕೆಗೊಂದು ತಗಡಿನ ಸಂಖ್ಯೆ.
ಕಾಳು, ನೀರು, ಹಿಕ್ಕೆ, ತೂಕ ನನ್ನ ಪಾಲಿಗೆ.
ಲಸಿಕೆ ಯಾರಿಗೆ, ಬರೀ ಚಿನ್ನ ಯಾರಿಗೆ
ಅದು ಡಾಕ್ಟರ್ ಪಂಗೆಸ್ತುತಿಯವರ ಕಪಾಟಿನ ಗುಟ್ಟು.

ಹೌದು, ಚಿನ್ನವೇ.
ಪುಡಿಗಿಂತ ಪುಡಿ, ಕಣ್ಣಿಗೆ ಸಿಗದಷ್ಟು.
ಅದರ ಮೈಗೆ ಡಿಎನ್‌ಎ ಸವರಿ,
ಪುಕ್ಕ ಕಿತ್ತ ತೊಡೆಗೆ ಪಿಸ್ತೂಲಿಟ್ಟು
ಠಪ್ಪೆಂದು ಹೊಡೆಯುತ್ತಾರೆ.
"ಇದರಲ್ಲಿ ವೈರಸ್ ಇಲ್ಲ," ಎಂದರು ಡಾಕ್ಟರ್,
"ಕಳ್ಳನನ್ನು ಮನೆಗೆ ಕರೆಯುವುದಿಲ್ಲ,
ಅವನ ಟೋಪಿಯ ಅಳತೆ ಮಾತ್ರ ಕಳಿಸುತ್ತೇವೆ.
ಕೋಳಿಯ ಮೈಯೇ ಟೋಪಿ ಹೊಲಿದು,
ತಾನು ಹೊಲಿದದ್ದನ್ನು ನೋಡಿ ತಾನೇ ಬೆಚ್ಚಿ,
ಬಡಿಗೆ ಹಿಡಿದು ಬಾಗಿಲಲ್ಲಿ ಕೂರುತ್ತದೆ."

ಟೋಪಿಯ ಮಾತು ಅರ್ಥವಾಯಿತು.
ಚಿನ್ನದ್ದು ಆಗಲಿಲ್ಲ.
ನನ್ನಮ್ಮ ವಾಗಿಯೆಮ್ ಮೈಮೇಲೆ ಒಂದು ಗುಂಜಿಯೂ ಇರಲಿಲ್ಲ.
ಕೋಳಿ ಹನ್ನೊಂದಿದ್ದವು.

ಅವನ್ನು ಒಯ್ಯಲು ಬಂದವರು ಬಿಳಿ ಉಡುಪು ತೊಟ್ಟಿದ್ದರು,
ನಾನೀಗ ತೊಡುವಂಥದ್ದೇ.
ನಮ್ಮವಕ್ಕೆ ರೋಗವಿರಲಿಲ್ಲ, ಪಕ್ಕದ ಓಣಿಯಲ್ಲಿತ್ತು.
ಗೋಣಿಚೀಲದ ಬಾಯಿ ಕಟ್ಟಿ ಒಂದು ಚೀಟಿ ಕೊಟ್ಟರು.
ಗುಂಡಿಯೊಳಗೂ ಸ್ವಲ್ಪ ಹೊತ್ತು ಚೀಲ ಮಾತಾಡಿತು.
ಅಮ್ಮ ಚೀಟಿಯನ್ನು ಅಕ್ಕಿ ಡಬ್ಬಿಯಲ್ಲಿಟ್ಟಳು;
ಅಕ್ಕಿ ಅಳೆಯುವಾಗೆಲ್ಲ ಅದನ್ನು ಪಕ್ಕಕ್ಕೆ ಸರಿಸುತ್ತಿದ್ದಳು.

ಎರಡು ಸಲ ಚಿನ್ನ, ನಡುವೆ ಮೂರು ವಾರ.
ಆಮೇಲೆ ನಿಜವಾದ ಕಳ್ಳ, ಮೂಗಿಗೊಂದು ಹನಿ.
ಎರಡನೇ ದಿನ ನಾಲ್ಕನೆಯದರ ಜುಟ್ಟು ನೇರಳೆಯಾಯಿತು.
ಮೂರನೇ ದಿನ, ಕಪಾಟು ತೆರೆಯುವ ಮೊದಲೇ
ಗುಟ್ಟು ಹೊರಬಿತ್ತು:
ಹದಿಮೂರು ಗೂಡಿನಲ್ಲಿ ಕಾಳು ಹಾಗೇ ಉಳಿದಿತ್ತು.
ಹನ್ನೆರಡೇ ಇರಬೇಕಿತ್ತು ಎಂದು ಆಮೇಲೆ ತಿಳಿಯಿತು.
ಉಳಿದ ಕಾಳನ್ನೂ ತೂಗಬೇಕು, ನಿಯಮ. ತೂಗಿದೆ.

ಮಿಕ್ಕವು ಟಕಟಕ ಕುಕ್ಕುತ್ತಿದ್ದವು.
ಒಂಬತ್ತನೆಯದು ಎಂದಿನಂತೆ ನನ್ನ ಕೈಗವಸಿನ ಅಂಚು ಜಗ್ಗಿತು,
ಹದಿನಾಲ್ಕನೇ ದಿನ ಮೊಟ್ಟೆಯನ್ನೂ ಇಟ್ಟಿತು.
ಮುಖವಾಡದೊಳಗೆ ಡಾಕ್ಟರ್ ಅತ್ತರೋ ನಕ್ಕರೋ,
ಗಾಜೆಲ್ಲ ಮಂಜಾಗಿತ್ತು.

ಹನ್ನೊಂದು.
ನಾನು ಎರಡು ಸಲ ಎಣಿಸಿದೆ.

ಗೆದ್ದವೂ ಹೊರಗೆ ಹೋಗುವಂತಿಲ್ಲ.
ರಕ್ತ ಬೇಕು, ಶ್ವಾಸಕೋಶ ಬೇಕು,
ಎಲ್ಲಿಯೂ ಕಳ್ಳ ಅಡಗಿಲ್ಲವೆಂದು ಬಿಚ್ಚಿ ನೋಡಬೇಕು.
ಕೋಳಿಯನ್ನು ಕೇಳಿ ಯಾರೂ ಮಸಾಲೆ ಅರೆಯುವುದಿಲ್ಲ,
ಚಿನ್ನವನ್ನೂ ಅರೆಯಲಿಲ್ಲ.
ಒಂಬತ್ತನೆಯದನ್ನು ಹಿಡಿದುಕೊಟ್ಟದ್ದು ನಾನೇ.
ಬೇರೆಯವರು ಹಿಡಿದರೆ ಒದ್ದಾಡುತ್ತದೆ.

ಮಿಂದು, ತಲೆ ಒರೆಸಿಕೊಂಡು ಹೊರಬಂದಾಗ
ಗುಡುಗು ಮುಗಿದು ಅಂಗಳವೆಲ್ಲ ನೀರು.
ಅಮ್ಮನಿಗೆ ಫೋನ್ ಮಾಡಿದೆ. ಮದ್ದು ಹಿಡಿಯಿತು ಅಂದೆ.
"ಹಾಗಾದರೆ ಬದುಕಿದವಾ?"
ಆ ಕಡೆ ಸೇರು ಡಬ್ಬಿಗೆ ತಾಗುವ ಸದ್ದು.

ಅಕ್ಕಿ ಎಷ್ಟಿದೆ, ಎಂದು ಕೇಳಿದೆ.